ಬಲ ಹೆಗಲಾಚೆ

"ಕತ್ತು!" ಎಂದು ಅಳಿಯ ಕೂಗಿದ. "ಕತ್ತು ಎಲ್ಲಿ ಹೋಯ್ತು ಮಾವ? ಮನೇಲೇ ಬಿಟ್ಟು ಬಂದ್ರಾ?"

ಮಾವ ಬೈಕನ್ನು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ, ಕಾಲೂರಿ, ಮುಂದಕ್ಕೇ ನೋಡುತ್ತ ಕುಳಿತ. ಲಾರಿಗಳಿಲ್ಲದ ಲಾರಿ ನಿಲ್ದಾಣ. ನೆಲದ ತುಂಬ ಎಣ್ಣೆಯ ಕಪ್ಪು ಕಲೆ. ಅವುಗಳ ನಡುವೆ ಬಣ್ಣದ ಡಬ್ಬಗಳನ್ನು ಬೋರಲು ಹಾಕಿ ಎಂಟರ ಆಕಾರ ಮಾಡಿತ್ತು. ಆ ಎಂಟನ್ನು ಮಾವ ಕಾಲೂರದೆ, ಒಂದು ಡಬ್ಬವನ್ನೂ ಮುಟ್ಟದೆ ಸುತ್ತಿ ಬಂದಿದ್ದ. ಆದರೆ ಬಲಕ್ಕೆ ತಿರುಗುವ ಮುನ್ನ ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಬೇಕು. ಅದೊಂದನ್ನು ಮಾಡಿರಲಿಲ್ಲ. ನಿನ್ನೆಯೂ ಮಾಡಿರಲಿಲ್ಲ.

"ಕನ್ನಡಿ ಇದೆಯಲ್ಲ ಮೇಷ್ಟ್ರೇ."

"ಪಕ್ಕಕ್ಕೇ ಬಂದುಬಿಟ್ಟೋನು ಕನ್ನಡೀಲಿ ಕಾಣಲ್ಲ."

"ಕಾಣದಿದ್ರೆ ಕೇಳತ್ತೆ. ಹಿಂದೆ ಬರ್ತಿರೋದು ಲಾರಿನೋ ಸ್ಕೂಟರೋ, ಓಡಿಸೋನು ಊಟ ಮಾಡಿದ್ದಾನೋ ಇಲ್ವೋ, ಅದನ್ನೂ ಹೇಳ್ತೀನಿ. ನೀವು ಚಡ್ಡಿ ಹಾಕೋಕೆ ಮುಂಚೆಯಿಂದ ಗಾಡಿ ಓಡಿಸ್ತಿದ್ದೀನಿ."

"ಓಡಿಸ್ತಿದ್ದೀರಿ, ಕಲಿಯೋರ ಲೈಸೆನ್ಸಲ್ಲಿ." ಅಳಿಯ ಬೈಕಿನ ಹಿಂದಿನ ಎಲ್ ಬೋರ್ಡನ್ನು ಬೂಟಿನ ತುದಿಯಿಂದ ತಟ್ಟಿದ. "ಇಷ್ಟು ವರ್ಷ ಒಂದೇ ಕ್ಲಾಸಲ್ಲಿ ಕೂತೋರನ್ನ ನಾನು ನೋಡಿಲ್ಲ. ಅಲ್ಲಾ, ಇಂಡಿಕೇಟರ್ ಇನ್ನೂ ಮಿಣುಕ್ತಿದೆಯಲ್ಲ. ಆಫ್ ಮಾಡಿ."

"ಅದರ ಸದ್ದು ಕೆಟ್ಟೋಗಿದೆ. ಅದಕ್ಕೇ ಮರ್ತೆ."

"ಟಿಕ್ ಟಿಕ್ ಅನ್ನೋದು ಇಲ್ಲೀವರೆಗೂ ಕೇಳಿಸ್ತಿದೆ."

ಮಾವ ಹೆಬ್ಬೆರಳಿನಿಂದ ಗುಂಡಿ ಒತ್ತಿದ.

ಅವನು ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಹಾಕುವವನು. ಕಲಿಯುವವರ ಲೈಸೆನ್ಸು ಮುಗಿದಾಗಲೆಲ್ಲ ಮತ್ತೊಂದು ಮಾಡಿಸಿ, ಎಲ್ ಅಕ್ಷರಕ್ಕೆ ತಾನೇ ಕೆಂಪು ಬಳಿದು, ಯಾರಾದರೂ ಹಿಡಿದರೆ ಬಿಸಿ ಬ್ರೆಡ್ಡು ಕೈಗಿಟ್ಟು ಕಾಲ ತಳ್ಳಿದ್ದ. ಹಳೆಯ ಮಾಲೀಕ ಸತ್ತು ಅವನ ಮಗಳು ಗಲ್ಲಾದ ಮೇಲೆ ಕೂತಳು. ಪೂರ್ತಿ ಲೈಸೆನ್ಸು ಇಲ್ಲದವರು ತಿಂಗಳು ತುಂಬಿದ ಮೇಲೆ ಬೇಕರಿಯ ಮೆಟ್ಟಿಲು ಹತ್ತಬೇಡಿ ಎಂದಳು. ಕಲಿಸಲು ಒಂದು ಡ್ರೈವಿಂಗ್ ಸ್ಕೂಲನ್ನೂ ಗೊತ್ತು ಮಾಡಿದಳು. "ಅಲ್ಲಿಯ ಮೇಷ್ಟ್ರು ನಿಮ್ಮ ಅಳಿಯಾನೇ ಅಂತಲ್ಲ?" ಎಂದು ಕೇಳಿದಳು.

"ಅಳಿಯ ಅಲ್ಲ," ಎಂದಿದ್ದ, "ಮಗಳ ಗಂಡ."

ಬೇಕರಿಯಲ್ಲಿ ಎಲ್ಲರೂ ನಕ್ಕರು. ಅವನು ನಗಲಿಲ್ಲ. ಮಗಳು ಓಡಿಹೋದದ್ದು ಇದೇ ಬೈಕಿನ ಹಿಂದೆ ಕೂತು. ಬಂಕಿನವರೆಗೆ ಹೋಗಿಬರ್ತೀನಿ ಎಂದು ಇದೇ ಹುಡುಗ ಕೇಳಿದಾಗ ಕೀಲಿ ಕೊಟ್ಟವನೂ ಇವನೇ. ಮಾರನೆಯ ದಿನ ಬೈಕು ಗೇಟಿನ ಮುಂದೆ ನಿಂತಿತ್ತು, ತೊಳೆದು, ಟ್ಯಾಂಕು ತುಂಬಿಸಿ. ಮಗಳನ್ನು ಒಯ್ದದ್ದಕ್ಕಿಂತ ಆ ತುಂಬಿದ ಟ್ಯಾಂಕು ಅವನ ಹೊಟ್ಟೆಯನ್ನು ಹೆಚ್ಚು ಉರಿಸಿತು. ಪೈಪು ಹಾಕಿ ಬಾಯಲ್ಲಿ ಎಳೆದು, ಅಷ್ಟೂ ಪೆಟ್ರೋಲನ್ನು ಮೋರಿಗೆ ಸುರಿದ. ಮಗಳ ಮನೆಯಿದ್ದ ಬೀದಿಗೆ ಬ್ರೆಡ್ಡು ಹಾಕುವುದನ್ನೂ ಬಿಟ್ಟ.

ಆ ಮಧ್ಯಾಹ್ನ ಅಳಿಯ ಸ್ಕೂಲಿನ ಬ್ಯಾಟರಿ ಸ್ಕೂಟರನ್ನು ತೆಗೆದ. "ಈಗ ನಿಜವಾದ ರಸ್ತೆ ಅಂದ್ಕೊಳ್ಳಿ. ನಾನು ಹಿಂದೆ ಬರ್ತಿರ್ತೀನಿ. ನೀವು ನೇರ ಹೋಗಿ, ಕೊನೆ ಡಬ್ಬದ ಹತ್ರ ಬಲಕ್ಕೆ ತಿರುಗಿ. ನನಗೆ ದಾರಿ ಬಿಟ್ಟು."

ಮಾವ ಹೊರಟ. ಕೊನೆಯ ಡಬ್ಬ ಬಂತು. ಇಂಡಿಕೇಟರ್ ಹಾಕಿದ, ಕನ್ನಡಿ ನೋಡಿದ. ಕನ್ನಡಿಯಲ್ಲಿ ಬರಿಯ ಬಿಸಿಲು. ಹ್ಯಾಂಡಲ್ ಹೊರಳಿಸಿದ. ಬಲ ಮೊಣಕಾಲಿಗೆ ಏನೋ ಸವರಿದಂತಾಯಿತು. ಬ್ರೇಕು ಹಿಡಿದು ನೋಡಿದರೆ ಸ್ಕೂಟರು ಮಗ್ಗುಲಾಗಿ ಜಾರಿಹೋಗಿ ಡಬ್ಬಗಳ ನಡುವೆ ಬಿದ್ದಿತ್ತು. ಅಳಿಯ ಬಲಗೈ ಹಿಡಿದುಕೊಂಡು ಎದ್ದು ಕೂತಿದ್ದ.

"ಅಲ್ಲಿಂದ ಹಾರ್ನ್ ಒತ್ತಿ ಹಿಡಿದಿದ್ದೀನಲ್ರೀ! ಕಿವಿ ಕೇಳ್ಸಲ್ವೇನ್ರೀ ನಿಮಗೆ?"

ಇಂಥ ಮಾತಿಗೆ ಮಾವ ಎರಡರಷ್ಟು ತಿರುಗಿಸಿ ಕೊಡುವವನು. ಈಗ ಹೆಲ್ಮೆಟ್ಟು ತೆಗೆದು ಟ್ಯಾಂಕಿನ ಮೇಲಿಟ್ಟುಕೊಂಡು ಅದರ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದ.

ಅಳಿಯ ಅವನನ್ನೇ ನೋಡಿದ. ಕಲಿಕೆ ಶುರುವಾದ ದಿನದಿಂದ ತಾನು ಬಲಕ್ಕೆ ಬಂದು ನಿಂತಾಗಲೆಲ್ಲ ಈ ಮನುಷ್ಯ ಗಾಡಿಯನ್ನೇ ಹೊರಳಿಸಿ ತನ್ನನ್ನು ಎಡಕ್ಕೆ ಮಾಡಿಕೊಳ್ಳುತ್ತಿದ್ದ. ಸೊಕ್ಕು ಎಂದುಕೊಂಡಿದ್ದ. ಎದ್ದು, ಸುತ್ತು ಹಾಕಿ, ಮಾವನ ಬಲ ಹೆಗಲ ಹಿಂದೆ ಬಂದು ನಿಂತ. ಸಣ್ಣ ದನಿಯಲ್ಲಿ ಹೇಳಿದ:

"ನಿಮ್ಮ ಮಗಳು ಬಂದಿದ್ದಾಳೆ."

ಮಾವ ಪಟ್ಟಿಯನ್ನು ಸುತ್ತುತ್ತಲೇ ಇದ್ದ.

ಅಳಿಯ ಎಡಕ್ಕೆ ಬಂದ. ಅದೇ ದನಿ, ಅಷ್ಟೇ ದೂರ. "ನಿಮ್ಮ ಮಗಳು ಬಂದಿದ್ದಾಳೆ."

ಮಾವ ಸರಕ್ಕನೆ ತಿರುಗಿದ. ಹೆಲ್ಮೆಟ್ಟು ನೆಲಕ್ಕೆ ಬಿದ್ದು ಉರುಳಿತು. ಗೇಟು, ಗೇಟಿನಾಚೆ ರಸ್ತೆ, ನೆರಳಿನಲ್ಲಿ ಮಲಗಿದ್ದ ಒಂದು ನಾಯಿ. ಅಷ್ಟೇ.

"ಸುಳ್ಳು ಹೇಳಿದ್ರಿ," ಎಂದ.

"ಎರಡು ಸಲ ಹೇಳಿದೆ. ನಿಮಗೆ ಒಂದೇ ಸಲ ಕೇಳಿಸ್ತು."

ನಾಯಿ ಎದ್ದು ಮೈ ಕೊಡವಿ ಬೇರೆ ನೆರಳಿಗೆ ಹೋಯಿತು.

"ಯಾವಾಗಿಂದ?" ಎಂದು ಅಳಿಯ ಕೇಳಿದ.

"ಮಳೆಗಾಲಕ್ಕೆ ಮುಂಚಿಂದ. ಬಲಗಿವಿ ಪೂರ್ತಿ ಹೋಗಿದೆ. ಎಡಗಡೇದು ಹೆಲ್ಮೆಟ್ ಹಾಕಿದ್ರೆ ಅರ್ಧ."

"ಅತ್ತೆಗೆ ಗೊತ್ತಾ?"

"ನಾನೂ ಮೊದಮೊದಲು, ಅವಳು ಬಯ್ಯೋದು ಕಮ್ಮಿ ಮಾಡಿದ್ದಾಳೆ ಅಂತಲೇ ಅಂದ್ಕೊಂಡಿದ್ದೆ."

ಅಳಿಯನಿಗೆ ನಗು ಬಂತು, ನಗಲಿಲ್ಲ. ಮಾವ ಕೆಳಗಿಳಿದು ಹೆಲ್ಮೆಟ್ಟು ಎತ್ತಿ ಧೂಳು ಒರೆಸಿದ. "ಹೋಗಿ ಹೇಳಿ ಬೇಕರಿಯವರಿಗೆ. ಇದಕ್ಕೇ ಕಾಯ್ತಿದ್ರಲ್ಲ. ಮುದುಕ ಮನೇಲಿ ಕೂತು ನೊಣ ಹೊಡೀಲಿ."

"ಕೂತ್ರೆ ನನ್ನ ಗಂಟೇನೂ ಹೋಗಲ್ಲ. ಆ ಪೆಟ್ರೋಲ್ ಮೋರಿಗೆ ಸುರಿದಿರಿ ಅಂತ ಅತ್ತೆ ಬಾಯಲ್ಲಿ ಕೇಳಿ, ನಿಮ್ಮ ಮಗಳು ಊಟದ ತಟ್ಟೆ ಮುಂದಿಂದ ಎದ್ದು ಹೋಗಿದ್ಲು. ಬಸುರಿ ಆಗ. ಅದನ್ನ ನಾನು ಮರೆಯಲ್ಲ." ಅಳಿಯ ಬಾತುಕೊಳ್ಳುತ್ತಿದ್ದ ಮಣಿಕಟ್ಟನ್ನು ನೋಡಿಕೊಂಡ. "ಆದ್ರೆ ಒಂದು ಕಿವಿ ಇಲ್ದೋರಿಗೂ ಲೈಸೆನ್ಸ್ ಕೊಡ್ತಾರೆ ಮಾವ. ಕತ್ತು ಇಲ್ದೋರಿಗೆ ಕೊಡಲ್ಲ. ಕಿವಿ ವಿಷಯ ಟೆಸ್ಟ್ ಮಾಡೋರಿಗೆ ನೀವೇ ಬಾಯಿಬಿಟ್ಟು ಹೇಳ್ಬೇಕು. ನೀವು ಹೇಳದಿದ್ರೆ ನಾನು ಹೇಳ್ತೀನಿ. ಈಗ ಹತ್ತಿ ಗಾಡೀನ."

ಅಂದಿನಿಂದ ಅಳಿಯ ಹಿಂದೆ, ಬಲಗಡೆಗೆ, ದೂರದಲ್ಲಿ ನಿಲ್ಲತೊಡಗಿದ. ಬಲಗೈಯನ್ನು ಬಟ್ಟೆಯ ಪಟ್ಟಿಯಲ್ಲಿ ಕತ್ತಿಗೆ ತೂಗಿಹಾಕಿಕೊಂಡಿದ್ದ. ಎಡಗೈ ಎತ್ತಿ ಬೆರಳು ತೋರಿಸುತ್ತಿದ್ದ. ತಿರುಗುವ ಮುನ್ನ ಮಾವ ಹಿಂದೆ ನೋಡಿ ಎಷ್ಟೆಂದು ಕೂಗಬೇಕು.

"ಮೂರು!"

"ಎರಡು! ನೀವು ನೋಡಿದ್ದು ನನ್ನ ಹೊಟ್ಟೇನ. ಮುಖ ನೋಡೋಕೆ ಅಷ್ಟು ಕಷ್ಟವಾದ್ರೆ ಕೈ ನೋಡಿ!"

ಕಷ್ಟವೇ ಆಗಿತ್ತು. ಎದುರಾದರೆ ತಾನು ರಸ್ತೆ ದಾಟಿ ತಪ್ಪಿಸಿಕೊಳ್ಳುತ್ತಿದ್ದ ಮುಖವನ್ನು ಈಗ ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ಹುಡುಕಬೇಕು. ಮನೆಗೆ ಹೋದರೆ ಕತ್ತಿನ ನರ ಕಬ್ಬಿಣದಂತೆ ಸೆಡೆಯುತ್ತಿತ್ತು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ," ಎಂದು ಅಳಿಯ ಒಮ್ಮೆ ಗೊಣಗಿದ, ಎಡಗಡೆ ನಿಂತು, ಕೇಳಿಸಲೆಂದೇ.

"ಮರ ಬಿದ್ರೆ ಗಿಡದ ಮೇಲೇ ಬೀಳೋದು ಮೇಷ್ಟ್ರೇ. ದೂರ ನಿಂತ್ಕೊಳ್ಳಿ."

ಪರೀಕ್ಷೆಯ ಬೆಳಿಗ್ಗೆ ಮಾವ ಒಬ್ಬನೇ ಬಂದ. ತಂತಿ ಬೇಲಿಯೊಳಗಿನ ಅಂಗಳದಲ್ಲಿ ಪರೀಕ್ಷೆ ಮಾಡುವ ಅಧಿಕಾರಿಣಿ ಕುರ್ಚಿಯಿಂದ ಏಳದೆ ಹೆಸರು ಕರೆಯುತ್ತಿದ್ದಳು. ತನ್ನ ಸರದಿ ಬಂದಾಗ ಮಾವ ಬೈಕು ಹತ್ತುವ ಮೊದಲು ಅವಳ ಮುಂದೆ ಹೋಗಿ ನಿಂತ.

"ನನಗೆ ಬಲಗಿವಿ ಕೇಳಲ್ಲ. ಹೇಳೋದಿದ್ರೆ ಎಡಗಡೆಯಿಂದ ಹೇಳಿ."

ಅವಳು ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೇಳೋದನ್ನ ಒಂದೇ ಕಡೆಯಿಂದ ಹೇಳ್ತೀನಿ. ನೋಡೋದನ್ನ ನೀವು ಎಲ್ಲಾ ಕಡೆ ನೋಡ್ಬೇಕು. ಹೊರಡಿ."

ಎಂಟು ಮುಗಿಯಿತು. ಕಾಲು ನೆಲ ಮುಟ್ಟಲಿಲ್ಲ. ಮುಂದೆ ಉದ್ದನೆಯ ಗೆರೆ, ಗೆರೆಯ ಕೊನೆಗೆ ಬಲ ತಿರುವು. ಇಂಡಿಕೇಟರ್ ಹಾಕಿದ. ಕನ್ನಡಿ ನೋಡಿದ. ಹೆಗಲ ಮೇಲಿಂದ ಕತ್ತು ಹೊರಳಿಸಿದ.

ಹಿಂದೆ ಗಾಡಿ ಯಾವುದೂ ಇರಲಿಲ್ಲ. ಬೇಲಿಯಾಚೆ ಅಳಿಯ ನಿಂತಿದ್ದ, ಮುಖ ಗಂಟಿಕ್ಕಿಕೊಂಡು, ಎಡಗೈಯ ನಾಲ್ಕು ಬೆರಳೆತ್ತಿ. ಅವನ ಪಕ್ಕದಲ್ಲಿ ಇನ್ನೊಂದು ಕೈ ಮೇಲೆದ್ದಿತ್ತು. ಮಗಳದು. ಮೈ ತುಂಬಿಕೊಂಡಿದ್ದಳು, ಸೊಂಟದಲ್ಲೊಂದು ಮಗು. ಎತ್ತಬೇಕೋ ಬೇಡವೋ ಎಂಬಂತೆ ಕಿವಿಯ ಎತ್ತರಕ್ಕೆ ಎತ್ತಿದ ಕೈ, ಐದೂ ಬೆರಳು ಬಿಡಿಸಿ.

ಕಣ್ಣು ಮಿಟುಕಿಸುವಷ್ಟೇ ಹೊತ್ತು. ಮುಂದಿನ ಗೆರೆ ಹತ್ತಿರ ಬಂದಿತ್ತು.

"ಒಂಬತ್ತು!" ಎಂದು ಮಾವ ಕೂಗಿದ.

ಅಧಿಕಾರಿಣಿ ಪೆನ್ನು ನಿಲ್ಲಿಸಿದಳು. ಬೈಕು ಬಲಕ್ಕೆ ಹೊರಳಿ, ಗೆರೆಯೊಳಗೇ ಉಳಿದು, ನೇರವಾಯಿತು. ಮಾವ ತಲೆ ತಗ್ಗಿಸಿ ನೋಡಿದ. ಹ್ಯಾಂಡಲಿನ ನಡುವೆ ಹಳದಿ ದೀಪ ಸದ್ದಿಲ್ಲದೆ ಹೊತ್ತಿಕೊಳ್ಳುತ್ತಿತ್ತು, ನಂದುತ್ತಿತ್ತು, ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹೆಬ್ಬೆರಳಿಟ್ಟು ಗುಂಡಿ ಒತ್ತಿದ.