ಕೆಳಗಿನ ಬರಹ

ಮೂಡುಬಿದಿರೆಯಿಂದ ಮೆಲ್ಕಾರಿಗೆ ಹೋಗುವಾಗ ಬಸ್ಸಿನಲ್ಲಿ ಲ್ಯಾಟಿನ್ ವ್ಯಾಕರಣ ಬಾಯಿಪಾಠ ಮಾಡುವವಳು ಮೇಘಾ ಒಬ್ಬಳೇ. ಕೆಲಸ ಕಾಲೇಜಿನಲ್ಲಿ ಇತಿಹಾಸ ಕಲಿಸುವುದು. ಲ್ಯಾಟಿನ್ ಕಲಿತು ಯಾರ ಹೊಟ್ಟೆ ತುಂಬಿತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಕಲಿಸಿದವರು ಬೆಳ್ತಂಗಡಿಯ ಮುದಿ ಪಾದ್ರಿಯೊಬ್ಬರು. ರೋಮಿನಲ್ಲಿ ಓದುತ್ತಿದ್ದಾಗ ಸಿಕ್ಕಿದ ಹಳೆಯ ಹಾಳೆಯೊಂದನ್ನು, ತೀರಿಕೊಳ್ಳುವ ಮೊದಲು ತಮ್ಮ ಏಕೈಕ ಶಿಷ್ಯೆಗೆ ಕೊಟ್ಟು ಹೋದರು.

ಹಾಳೆಯ ಮೇಲಿದ್ದದ್ದು ಯಾವುದೋ ಮಠದ ಸನ್ಯಾಸಿ ಬರೆದ ಪ್ರಾರ್ಥನೆ. ಅಂಥವು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ಆ ಪುಣ್ಯಾತ್ಮ ಇನ್ನೂ ಹಳೆಯ ಬರಹವೊಂದನ್ನು ಕೆರೆದು ತೆಗೆದು ಅದರ ಮೇಲೆ ಬರೆದಿದ್ದ. ಬಿಸಿಲಿಗೆ ಓರೆಯಾಗಿ ಹಿಡಿದರೆ ಕೆಳಗಿನ ಬರಹದ ಒಂದೇ ಒಂದು ಸಾಲು ಹೊಗೆಯ ಹಾಗೆ ಕಾಣುತ್ತಿತ್ತು: ಗಾಳಿ, ಹಡಗು, ಮೆಣಸು. ನಮ್ಮ ಕಡಲಿಗೆ ಬಂದ ರೋಮನ್ನನೊಬ್ಬನ ಮಾತು, ಬೇರೆಲ್ಲೂ ಉಳಿಯದ್ದು ಎಂದು ಮೇಘಾಳಿಗೆ ಖಾತ್ರಿಯಾಗಿತ್ತು. ಮೊಬೈಲಿನ ಫೋಟೊದಲ್ಲಿ ಅದು ಬರಲೇ ಇಲ್ಲ. ಅಳಿಸಿದ್ದನ್ನೂ ಎತ್ತಿ ತೋರಿಸುವ ಕ್ಯಾಮೆರಾ ತೆಗೆದುಕೊಂಡು ಪುಣೆಯಿಂದ ಒಬ್ಬರು ಮುಂದಿನ ವಾರ ಬರುವವರಿದ್ದರು.

ಹಾಳೆ ಮಾತ್ರ ಕರುವಿನ ಚರ್ಮದ್ದು. ಚಪ್ಪಲಿ ಕೂಡ ರಬ್ಬರಿನದೇ ಆಗಬೇಕು ಎನ್ನುವ ತಾಯಿ ಕಮಲಾವತಿಯಮ್ಮನ ಜೈನಮನೆಯೊಳಗೆ ಚರ್ಮ ತರುವುದುಂಟೇ? "ಇದು ಆ ದೇಶದ ಓಲೆ ಅಮ್ಮ, ನಮ್ಮ ತಾಳೆಗರಿಯ ಹಾಗೆಯೇ" ಎಂದು ಮೇಘಾ ಸುಳ್ಳು ಹೇಳಿದ್ದಳು. ಅಮ್ಮ ನಂಬಿದರು. ಓಲೆಯಾದರೆ ಗ್ರಂಥಗಳ ಜೊತೆಗೇ ಇರಲಿ ಎಂದು ಮಡಿಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟರು.

ಶ್ರುತಪಂಚಮಿ ಬಂತು. ಆ ದಿನ ಮನೆಯ ತಾಳೆಗರಿ ಗ್ರಂಥಗಳನ್ನು ಬಿಚ್ಚಿ, ಲಿಂಬೆಹುಲ್ಲಿನ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಗರಿಗೆ ಸವರಿ ಒರೆಸುತ್ತಾರೆ. ಕೊರೆದ ಅಕ್ಷರದ ಗೀರಿನೊಳಗೆ ಮಸಿ ನಿಂತು, ಮಾಸಿದ ಬರಹ ಎದ್ದು ಕಾಣುತ್ತದೆ. ಆಮೇಲೆ ಪೂಜೆ. ಈ ಕೆಲಸದಲ್ಲಿ ಕಮಲಾವತಿಯಮ್ಮನದು ಪಳಗಿದ ಕೈ.

ಸಂಜೆ ಮೇಘಾ ಕಾಲೇಜಿನಿಂದ ಬಂದಾಗ ಅಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದರು.

"ಕೆಳಗಿನ ಅಕ್ಷರ ಕಾಣುವುದಿಲ್ಲ ಅಂತ ಎಷ್ಟು ಸಂಕಟಪಡ್ತಿದ್ದೆ ಮಗಾ. ನಿನ್ನ ಓಲೆಗೂ ಮಸಿ ಹಚ್ಚಿದ್ದೇನೆ. ಎಣ್ಣೆ ಸ್ವಲ್ಪ ಜಾಸ್ತಿ ಕುಡಿಯಿತು ಅದು. ಮತ್ತೆ ಮತ್ತೆ ಹಚ್ಚಿ ಉಜ್ಜಿದೆ."

ಗ್ರಂಥಗಳ ನಡುವೆ, ಹೂವಿಟ್ಟ ಮಣೆಯ ಮೇಲೆ, ಅದು ದೋಸೆಕಾವಲಿಯ ಹಾಗೆ ಕಪ್ಪಗೆ ಬಿದ್ದಿತ್ತು. ಮೇಘಾ ಅದನ್ನು ಕಿಟಕಿಗೆ ಹಿಡಿದಳು. ಓರೆ ಮಾಡಿದಳು. ಸನ್ಯಾಸಿಯೂ ಇಲ್ಲ, ರೋಮನ್ನನೂ ಇಲ್ಲ. ಎಣ್ಣೆ ಮಸಿಯನ್ನು ಎಳೆದುಕೊಂಡು ಚರ್ಮದ ಆಳಕ್ಕೆ ಇಳಿದಿತ್ತು. ಇನ್ನು ಯಾವ ಕ್ಯಾಮೆರಾ ಬಂದರೂ ಅಷ್ಟೇ. ಗಂಟಲು ಹರಿಯುವಂತೆ ಕಿರುಚಬೇಕೆನಿಸಿತು. ಕಿರುಚಿದರೆ ಕಾರಣ ಹೇಳಬೇಕು. ಉಪವಾಸವಿದ್ದು ಇಡೀ ದಿನ ಉಜ್ಜಿದ್ದು ಸತ್ತ ಕರುವಿನ ಚರ್ಮ, ಜಿನವಾಣಿಯ ಪಕ್ಕದಲ್ಲಿಟ್ಟು ಅಡ್ಡಬಿದ್ದದ್ದೂ ಅದಕ್ಕೇ ಎಂದು ಈ ಜೀವಕ್ಕೆ ಹೇಗೆ ಹೇಳುವುದು?

"ಈಗ ಕಾಣ್ತದಾ?"

"ಕಾಣ್ತದೆ ಅಮ್ಮ."

"ಹಾಗಾದರೆ ಓದು. ನಾನೂ ಕೇಳ್ತೇನೆ." ಅಮ್ಮ ಕೈಮುಗಿದು ನೆಲದ ಮೇಲೆ ಕುಳಿತರು.

ಮೇಘಾ ಕಪ್ಪು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. "ಮೆಣಸು ತುಂಬಿ ಆಗಿತ್ತು. ಗಾಳಿ ತಿರುಗುವವರೆಗೆ ಹಡಗುಗಳು ಕಾದವು." ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಅಮ್ಮ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದರು. "ಆಮೇಲೆ?"