ತಾಸಿನ ಆಳು

ಠಾಣೆಯ ಗಂಟೆ ನಾಲ್ಕು ಬಾರಿಸಿತು. ಗಾಳೆಮ್ಮ ಕೆಸರಿನಲ್ಲಿ ನಡು ನೆಟ್ಟಗೆ ಮಾಡಿ ನಿಂತಳು. ಎಡಗೈಯಲ್ಲಿ ಇನ್ನೂ ಅರ್ಧ ಹಿಡಿ ಸಸಿ ಉಳಿದಿತ್ತು. ಆಚೀಚೆ ಬಗ್ಗಿದ್ದ ಹೆಂಗಸರು ತಲೆ ಎತ್ತಲಿಲ್ಲ. ನಾಟಿಯ ಸಾಲು ಅವಳೊಬ್ಬಳನ್ನು ಬಿಟ್ಟು ಹಿಂದೆ ಸರಿಯತೊಡಗಿತು. ಗದ್ದೆಯಾಚೆ ಬಾಳೆತೋಟ, ತೋಟದಾಚೆ ಬಂಡೆಗಳು, ಬಂಡೆಗಳಾಚೆ ಹೊಳೆ. ಇನ್ನು ಅರ್ಧ ತಾಸಿಗೆ ಹೊಳಿಯಪ್ಪ ಆ ದಿನದ ಕೊನೆಯ ಹರಿಗೋಲು ಬಿಡುತ್ತಾನೆ. ಆಚೆ ದಡಕ್ಕೆ ಹೋಗಿ, ಹೊತ್ತು ಮುಳುಗುವಷ್ಟರಲ್ಲಿ ಆನೆಗೊಂದಿಗೆ ತಿರುಗಿ ಬರುತ್ತಾನೆ. ಆಚೆ ದಡದ ತಳವಾರಘಟ್ಟದಲ್ಲಿ, ಅಜ್ಜಿಯ ಮನೆಯಲ್ಲಿ, ಅವಳ ಐದು ವರ್ಷದ ಮಗಳು ಹುಲಗೆಮ್ಮ ಇದ್ದಳು.

"ಧಣಿ, ನಾ ಹೊಂಡ್ತೀನ್ರಿ," ಎಂದಳು.

ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಕುಳಿತಿದ್ದ ಓಬಳೆಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಹೋಗವಾ, ನಿನ್ನ ಯಾರ ಹಿಡದಾರ? ಅರ್ಧಾ ಕೂಲಿ ಒಯ್ಯಿ."

ಮಧ್ಯಾಹ್ನ ಉಣ್ಣುವ ಹೊತ್ತಿಗೆ ಹೋದರೂ ಅರ್ಧ, ನಾಲ್ಕಕ್ಕೆ ಹೋದರೂ ಅರ್ಧ. ಊರಿನಲ್ಲಿ ಮೊದಲಿನಿಂದ ನಡೆದು ಬಂದದ್ದು ಅದೇ. ಇಡೀ ದಿನ ಅಥವಾ ಅರ್ಧ ದಿನ. ನಡುವೆ ಏನೂ ಇರಲಿಲ್ಲ. ಗಾಳೆಮ್ಮ ಒಮ್ಮೆ ಹೊಳೆಯ ಕಡೆ ನೋಡಿದಳು. ಆಮೇಲೆ ಬಗ್ಗಿ, ಹಿಂದೆ ಹೋದ ಸಾಲನ್ನು ಹಿಡಿಯಲು ಕೈ ಚುರುಕು ಮಾಡಿದಳು.

ಗಂಡ ತಿಮ್ಮಣ್ಣ ಚಳಿಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ತಳವಾರಘಟ್ಟದ ಅವನ ಮನೆಯಲ್ಲಿ ಇಬ್ಬರು ಮೈದುನರು, ಅವರ ಹೆಂಡಿರು, ಅತ್ತೆ. ಎಲ್ಲರಿಗೂ ಒಂದೇ ಒಲೆ, ಆ ಒಲೆಗೂ ದಿನಕ್ಕೊಂದೇ ಹೊತ್ತು ಕೆಲಸ. ಸಮುದ್ರದಾಚೆ ಲಡಾಯಿ ಶುರುವಾದ ಮೇಲೆ ಕಾಳು ಇನ್ನೂ ತುಟ್ಟಿಯಾಗಿತ್ತು. "ನೀ ದುಡದು ತಿನ್ನಾಕಿ, ಎಲ್ಲಿದ್ರೂ ಬದಕತೀ. ಕೂಸು ನನ್ನ ಮಗಂದು, ಇಲ್ಲೇ ಇರಲಿ," ಎಂದಿದ್ದಳು ಅತ್ತೆ. ಬೈದು ಹೇಳಿದ್ದಲ್ಲ, ಅಳುತ್ತಲೇ ಹೇಳಿದ್ದು. ಗಾಳೆಮ್ಮ ವರ್ಷಕ್ಕೆ ಎರಡು ಸಲ ನಾಟಿ ಸಿಗುವ ತವರೂರು ಆನೆಗೊಂದಿಗೆ ಬಂದು, ತಾಯಿ ಬಿಟ್ಟುಹೋಗಿದ್ದ ಗುಡಿಸಲಿನಲ್ಲಿ ಒಲೆ ಹೂಡಿದಳು. ಗದ್ದೆಯ ಕೆಲಸ ನಿಲ್ಲುವ ಅಮಾವಾಸ್ಯೆಗೊಮ್ಮೆ ಹೊಳೆ ದಾಟಿ ಹೋಗಿಬರುತ್ತಿದ್ದಳು. ಕಳೆದ ಅಮಾವಾಸ್ಯೆಗೆ ಹೋದಾಗ ಹುಲಗೆಮ್ಮ ಅಜ್ಜಿಯ ಸೆರಗಿನ ಹಿಂದೆ ಅಡಗಿ, "ಅಕಿ ಯಾರಬೇ?" ಎಂದು ಕೇಳಿದ್ದಳು. ಆ ಮಾತನ್ನು ಗಾಳೆಮ್ಮ ಯಾರಿಗೂ ಹೇಳಿರಲಿಲ್ಲ.

ಮರುದಿನ ಮುಂಜಾನೆ ಗದ್ದೆಗೆ ಹೋಗುವಾಗ ಅವಳು ಠಾಣೆಯ ಕಟ್ಟೆಯ ಹತ್ತಿರ ನಿಂತಳು. ಗಂಟೆ ಬಾರಿಸುವ ಶಾಮೀದಸಾಬ ಕೊಡತಿ ಹಿಡಿದುಕೊಂಡು ಬಿಸಿಲು ಕಾಯಿಸುತ್ತಿದ್ದ.

"ಶಾಮೀದಣ್ಣ, ನಮ್ಮ ಒಂದ ದಿನಾ ಅಂದ್ರ ಎಷ್ಟ ತಾಸು?"

ಮುದುಕ ಅವಳ ಮುಖ ನೋಡಿದ. "ಮೂವತ್ತ ವರ್ಷ ಆತು ಇದನ್ನ ಹೊಡ್ಯಾಕ ಹತ್ತಿ. ಸಾಹೇಬ್ರು ಕೇಳ್ಯಾರ, ರೈಲಿಗೆ ಹೋಗೋರು ಕೇಳ್ಯಾರ. ನಾಟಿ ಆಳು ಒಬ್ರೂ ಕೇಳಿಲ್ಲ ನೋಡವಾ." ಬೆರಳಿನ ಗೆಣ್ಣು ಎಣಿಸಿದ. "ಏಳು ಹೊಡದಾಗ ಇಳೀತೀರಿ. ಆರಕ್ಕ ಹೊತ್ತ ಮುಣುಗತೈತಿ. ಹನ್ನೊಂದಾತು. ಉಣ್ಣೂದು ಒಂದ ತಾಸು ತಗೀ. ಹತ್ತು."

ದಿನದ ಕೂಲಿ ಎರಡೂವರೆ ಸೇರು ಭತ್ತ. ಹತ್ತು ಪಾವು.

"ತಾಸಿಗೊಂದು ಪಾವು," ಎಂದಳು ಗಾಳೆಮ್ಮ. ಬಾಯಿಂದ ಬಂದ ಮೇಲೆ ಅದು ಎಷ್ಟು ಸಸಾರವಾಗಿ ಕಂಡಿತೆಂದರೆ, ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೆಂದು ಅವಳಿಗೇ ನಾಚಿಕೆಯಾಯಿತು. ನಾಲ್ಕಕ್ಕೆ ಹೋದರೆ ಎಂಟು ಪಾವು ಬರಬೇಕು. ಓಬಳೆಪ್ಪ ಕೊಡುವುದು ಐದು.

"ಲೆಕ್ಕ ಸರಿ ಐತಿ," ಎಂದ ಶಾಮೀದಸಾಬ. "ಆದ್ರ ಇದನ್ನ ಅಳೆದು ಕೊಡೋರ ಮುಂದ ಆಡೂವಾಗ ಹುಷಾರಾಗಿರು ತಂಗಿ. ಅವರಿಗೆ ಖಾರ ಹತ್ತತೈತಿ."

ಹುಷಾರಾಗಿರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ಕೆಸರಿಗಿಳಿಯುವ ಮುಂಚೆ, ಬದುವಿನ ಮೇಲೆ ನಿಂತು ನೇರವಾಗಿ ಹೇಳಿಬಿಟ್ಟಳು. "ಧಣಿ, ನನಗ ದಿನದ ಕೂಲಿ ಬ್ಯಾಡ್ರಿ. ತಾಸಿನ ಕೂಲಿ ಕೊಡ್ರಿ. ಎಷ್ಟ ತಾಸು ಹಚ್ಚತೀನಿ ಅಷ್ಟ ಪಾವು. ನಾಕು ಹೊಡದ ಕೂಡ್ಲೇ ನಾ ಹೋಗ್ತೀನಿ."

ಓಬಳೆಪ್ಪ ನಕ್ಕ. "ಠಾಣೇದಾಗ ಜಮಾದಾರಕಿ ಸಿಕ್ಕೈತೇನಬೇ ನಿನಗ?"

ಹೆಂಗಸರೂ ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ಗುಂಪಿನಲ್ಲಿ ಹಿರಿಯಳಾದ ಫಕೀರಮ್ಮ ಸೀರೆ ಮೇಲೆತ್ತಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಹಂಗಾರ ಧಣಿ, ಆರು ಹೊಡದ ಮ್ಯಾಲೂ ಕೈ ಕಾಣೂ ತನಕ ಹಚ್ಚಿಸ್ತೀರಲ್ಲ, ಅದು ಯಾರ ತಾಸ್ರಿ?"

ಓಬಳೆಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಫಕೀರಮ್ಮನನ್ನು ಅವನು ನೋಡಲಿಲ್ಲ. "ಗಾಳೆವ್ವ, ನೀ ನನ್ನ ಗದ್ದಿಗೆ ಇಳೀಬ್ಯಾಡ. ಇವತ್ತೂ ಬ್ಯಾಡ, ನಾಳಿನೂ ಬ್ಯಾಡ."

ಮೂರು ದಿನ ಅವಳು ಕೆಲಸವಿಲ್ಲದೆ ಕುಳಿತಳು. ನಾಟಿ ಹಾಡು ಗುಡಿಸಲಿನ ತನಕ ಕೇಳಿಸುತ್ತಿತ್ತು. ಅಂಬಲಿ ದಿನದಿಂದ ದಿನಕ್ಕೆ ನೀರಾಯಿತು. ಒಂದು ಸಂಜೆ ಸುಮ್ಮನೆ ಹೊಳೆಯ ದಂಡೆಗೆ ಹೋಗಿ ಬಂಡೆ ಹತ್ತಿ ಕುಳಿತಳು. ಆಚೆ ದಡದಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದವರ ಹಿಂದೆ ಒಂದು ಸಣ್ಣ ಕೆಂಪು ಲಂಗ ಓಡಾಡುತ್ತಿತ್ತು. ಅದು ತನ್ನ ಮಗಳೇ ಹೌದೋ ಅಲ್ಲವೋ ತಿಳಿಯುವಷ್ಟು ಹೊಳೆ ಕಿರಿದಾಗಿರಲಿಲ್ಲ. ಆ ಲಂಗ ಮರೆಯಾಗುವ ತನಕ ಕುಳಿತಿದ್ದಳು.

ನಾಲ್ಕನೆಯ ದಿನ ಪಾರ್ವತೆಮ್ಮನ ತೋಟಕ್ಕೆ ಹೋದಳು. ಪಾರ್ವತೆಮ್ಮನೂ ಗಂಡನಿಲ್ಲದವಳು. ಒಂದೂವರೆ ಎಕರೆ ಬಾಳೆ, ದುಡಿಯಲು ಮನೆಯಲ್ಲಿ ಯಾರೂ ಇಲ್ಲ. ತೋಟದ ತುಂಬ ಒಣ ಎಲೆ ಜೋತುಬಿದ್ದಿದ್ದವು. ಪ್ರತಿ ಬುಡದಲ್ಲೂ ಬೇಡದ ಮರಿಗಳೆದ್ದಿದ್ದವು.

"ಆಳು ಸಿಗವಲ್ಲವು ಗಾಳೆವ್ವ," ಎಂದಳು ಪಾರ್ವತೆಮ್ಮ. "ದಿನಾ ಮೂರು ತಾಸಿನ ಕೆಲಸ ಐತಿ. ಅದಕ್ಕ ಇಡೀ ದಿನದ ಕೂಲಿ ಎಲ್ಲಿಂದ ತರಲಿ? ಅರ್ಧಾ ಕೂಲಿಗೆ ಯಾರೂ ಬರಂಗಿಲ್ಲ."

"ಮೂರು ತಾಸಿಗೆ ಮೂರು ತಾಸಿಂದೇ ಕೊಡ್ರಿ. ತಾಸಿಗೆ ಒಂದೂಕಾಲು ಪಾವು."

ಪಾರ್ವತೆಮ್ಮ ಹುಬ್ಬು ಏರಿಸಿದಳು. "ಊರಿನ ದಿನದ ಕೂಲಿ ನೋಡಿದ್ರ ತಾಸಿಗೆ ಒಂದ ಪಾವು ಬೀಳತೈತಿ. ಕಾಲು ಯಾತರದು?"

ಮೂರು ದಿನ ಕುಳಿತಲ್ಲೇ ಗಾಳೆಮ್ಮ ಯೋಚಿಸಿದ್ದು ಇದನ್ನೇ. "ದಿನದ ಆಳಿಗೆ ನಡು ಮಧ್ಯಾಹ್ನ ಮಜ್ಜಿಗಿ ಕೊಡತೀರಿ, ಎಲಿ ಅಡಕಿ ಕೊಡತೀರಿ. ನನಗ ಅದಿಲ್ಲ. ಇಲ್ಲಿ ಮೂರು ತಾಸು ಮುಗಿಸಿ ಇನ್ನೊಂದ ತೋಟಕ್ಕ ಹೋಗಬೇಕು. ಆ ದಾರಿ ನಡಿಯೂ ಹೊತ್ತಿಗೆ ನನಗ ಯಾರೂ ಕೊಡಂಗಿಲ್ಲ. ನಾಳೆ ನಿಮ್ಮಲ್ಲಿ ಕೆಲಸ ಇಲ್ಲಂದ್ರ ನಾ ಬಂದು ಜಗಳಾ ಮಾಡಂಗಿಲ್ಲ. ಅದಕ್ಕರಿ ಕಾಲು ಪಾವು."

ಪಾರ್ವತೆಮ್ಮ ಜೋತುಬಿದ್ದ ಒಣ ಎಲೆಗಳ ಕಡೆ ನೋಡಿದಳು. "ಕೈ ಓಡಿಸ್ತಿ?"

"ನೋಡಿ ಕೊಡ್ರಿ."

ಮೂರು ತಾಸಿನಲ್ಲಿ ಆರು ಸಾಲು ಚೊಕ್ಕಟವಾದವು. ಪಾರ್ವತೆಮ್ಮ ಹೇಳಿದಷ್ಟೇ ಅಳೆದಳು, ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ಪಾರ್ವತೆಮ್ಮನ ಮಾತಿನ ಮೇಲೆ ಪಕ್ಕದ ನೂರಸಾಬನ ತೋಟದಲ್ಲಿ ಮತ್ತೆ ಎರಡು ತಾಸಿನ ಕೆಲಸ ಸಿಕ್ಕಿತು. ದಿನಕ್ಕೆ ಐದು ತಾಸು, ಆರು ಪಾವಿನ ಮೇಲೆ. ಹೊಟ್ಟೆಗೆ ಅಷ್ಟಕ್ಕಷ್ಟೆ. ಆದರೆ ನಾಲ್ಕು ಬಾರಿಸಿದಾಗ ಅವಳು ಯಾರನ್ನೂ ಕೇಳದೆ ಹೊಳೆಯ ಕಡೆ ನಡೆದಳು.

ಆ ಸಂಜೆ ಹುಲಗೆಮ್ಮ ಹತ್ತಿರ ಬರಲಿಲ್ಲ. ಬಾಳೆಹಣ್ಣನ್ನು ಅಜ್ಜಿಯ ಕೈಯಿಂದ ಇಸಿದುಕೊಂಡು, ಕಟ್ಟೆಯ ಮೇಲೆ ಕುಳಿತು, ತಾಯಿಯನ್ನು ನೋಡುತ್ತ ತಿಂದಳು. ಅಷ್ಟರಲ್ಲಿ ಹೊಳಿಯಪ್ಪ ಕೂಗಿದ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಸೊಸೆಯ ಮುಂದೆ ನೀರಿನ ತಂಬಿಗೆ ಇಡುತ್ತ ಅತ್ತೆ, "ದಿನಾ ಬರಾಕ ಹೆಂಗ ಆಗತೈತಿ ನಿನಗ? ಕೂಲಿ ಬಿಟ್ಟಿಯೇನ?" ಎಂದು ಕೇಳಿದಳು.

"ಬಿಟ್ಟಿಲ್ಲತ್ತಿ. ಹಂಚಿಕೊಂಡೀನಿ," ಎಂದಳು ಗಾಳೆಮ್ಮ.

ಹತ್ತು ದಿನ ಕಳೆಯಿತು. ಒಂದು ಮುಂಜಾನೆ ಓಬಳೆಪ್ಪ ತಾನೇ ಗುಡಿಸಲಿನ ಮುಂದೆ ಬಂದು ನಿಂತ. ಅವನ ಸಸಿ ಬಲಿತುಹೋಗುತ್ತಿತ್ತು, ಇನ್ನೂ ಮೂರು ಮಡಿ, ಎಂಟು ದಿನದ ನಾಟಿ ಉಳಿದಿತ್ತು. ಫಕೀರಮ್ಮನೂ ಉಳಿದವರೂ ಆರು ಹೊಡೆದ ಕೂಡಲೇ ಗದ್ದೆಯಿಂದ ಮೇಲೇಳುತ್ತಿದ್ದರು. ಆಮೇಲಿನ ಹೊತ್ತಿಗೆ ಬೇರೆ ಪಾವು ಅಳೆದರೆ ಮಾತ್ರ ಮತ್ತೆ ಇಳಿಯುತ್ತಿದ್ದರು. ಅವನು ಎರಡು ದಿನ ಬೈದು, ಮೂರನೆಯ ದಿನ ಅಳೆದಿದ್ದ.

"ಮೂರು ಸೇರು ಕೊಡತೀನಿ," ಎಂದ ಓಬಳೆಪ್ಪ. "ಯಾರಿಗೂ ಇಷ್ಟ ಕೊಟ್ಟಿಲ್ಲ. ಹೊತ್ತ ಮುಣುಗೂ ತನಕ ಇರು, ನಾಟಿ ಮುಗಿಸಿ ಕೊಡು."

ಮೂರು ಸೇರು. ಗಾಳೆಮ್ಮನ ಮಡಕೆಯಲ್ಲಿ ಆ ದಿನ ಒಂದು ಹಿಡಿ ನುಚ್ಚಿತ್ತು. ಎಂಟು ದಿನ ಕೊನೆಯ ತನಕ ನಿಂತರೆ ಮಳೆಗಾಲಕ್ಕೆ ಸ್ವಲ್ಪ ಕಾಳು ಕೂಡಿಡಬಹುದು. ಮಗಳಿಗೊಂದು ಲಂಗದ ಬಟ್ಟೆ ಆಗುತ್ತದೆ. ಎಂಟು ದಿನ ತಾನೇ, ಎಂದುಕೊಂಡಳು. ಆದರೆ ಹಿಂದಿನ ದಿನ ಹುಲಗೆಮ್ಮ ಕಟ್ಟೆಯಿಂದಿಳಿದು, ಅರ್ಧ ದಾರಿ ಬಂದು ನಿಂತಿದ್ದಳು. ಇವತ್ತು ಹೋಗದಿದ್ದರೆ ಅವಳು ತಿರುಗಿ ಕಟ್ಟೆ ಹತ್ತುತ್ತಾಳೆ.

"ನಾಕರ ತನಕ ಬರತೀನ್ರಿ. ತಾಸಿಗೆ ಒಂದೂಕಾಲು ಪಾವು. ಪಾರ್ವತೆಮ್ಮನ ತೋಟದಾಗೂ ನೂರಸಾಬನ ತೋಟದಾಗೂ ಇವತ್ತಿನಿಂದ ಎಂಟ ದಿನಾ ಕೆಲಸ ಇಲ್ಲ, ಕೇಳೀನಿ."

"ಇಡೀ ದಿನಕ್ಕ ಮೂರು ಸೇರು ಬ್ಯಾಡಂತಿ. ಎಂಟ ತಾಸಿಗೆ ಎರಡೂವರಿ ಕೇಳ್ತಿ. ನಿನಗ ಹುಚ್ಚ ಹಿಡದೈತಿ."

"ಇರಬೋದ್ರಿ."

ಅವಳ ಕೈ ಎಷ್ಟು ಚುರುಕೆಂದು ಅವನಿಗೆ ಗೊತ್ತಿತ್ತು. "ಬಾ," ಎಂದು ತಿರುಗಿ ನಡೆದ.

ಆ ಸಂಜೆ ಅವಳು ತಳವಾರಘಟ್ಟ ಮುಟ್ಟಿದಾಗ ಅತ್ತೆ ಅಂಗಳದಲ್ಲಿ ಕುಸುಬಿ ಎಣ್ಣೆಯ ಬಟ್ಟಲು ಇಟ್ಟುಕೊಂಡು ಮೊಮ್ಮಗಳನ್ನು ಕರೆಯುತ್ತಿದ್ದಳು. ಸೊಸೆಯನ್ನು ಕಂಡು ಬಟ್ಟಲನ್ನು ಅವಳ ಕಡೆ ಸರಿಸಿ, ಒಳಗೆ ಹೋದಳು. ಹುಲಗೆಮ್ಮ ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡಿದಳು. ಆಮೇಲೆ ಬಂದು, ಬೆನ್ನು ತಿರುಗಿಸಿ, ತಾಯಿಯ ಮೊಣಕಾಲುಗಳ ನಡುವೆ ಕುಳಿತಳು.

ಕೆಸರು ತಿಂದು ಬಿರಿದ ಬೆರಳುಗಳಿಗೆ ಎಳೆಗೂದಲು ಸಿಕ್ಕಿಕೊಳ್ಳುತ್ತಿತ್ತು. ಗಾಳೆಮ್ಮ ಮೆಲ್ಲಗೆ ಬಿಡಿಸಿ ಬಿಡಿಸಿ ಎಣ್ಣೆ ಹಚ್ಚಿದಳು. ನೆತ್ತಿ ಬಿಸಿಯಾಗಿತ್ತು.

"ನೀ ಇಲ್ಲೇ ಯಾಕ ಮಕ್ಕೊಳ್ಳಂಗಿಲ್ಲ?" ಎಂದು ಮಗು ಮುಂದೆ ನೋಡುತ್ತಲೇ ಕೇಳಿತು.

"ಮುಂಜಾನಿ ಏಳಕ್ಕ ಗದ್ಯಾಗ ಇರಬೇಕವ್ವ. ಇಲ್ಲಿಂದ ಹರಗೋಲು ಬಿಡೂದೇ ಎಂಟಕ್ಕ."

"ನಾಳೆ?"

"ನಾಳೆ ಬರತೀನಿ."

ಜಡೆಯ ಕೊನೆಗೆ ದಾರ ಸುತ್ತುವಷ್ಟರಲ್ಲಿ ಹೊಳಿಯಪ್ಪನ ಕೂಗು ಬಂತು. ಹುಲಗೆಮ್ಮ ಬಂಡೆಯ ತನಕ ಬಂದಳು, ಅಲ್ಲಿಂದ ಮುಂದೆ ಬರಲಿಲ್ಲ.

ಹರಿಗೋಲಿನಲ್ಲಿ ನಾಲ್ಕು ಜನರಿದ್ದರು. ನಡುಹೊಳೆಗೆ ಬರುತ್ತಲೇ ತಳದ ಚರ್ಮದೊಳಗಿಂದ ನೀರು ಜಿನುಗಿ ಕಾಲ ಬೆರಳು ಮುಟ್ಟಿತು. ಹೊಳಿಯಪ್ಪ ಹುಟ್ಟು ಹಾಕುತ್ತ, ಕರಟವನ್ನು ಕಾಲಿನಿಂದ ಅವಳತ್ತ ತಳ್ಳಿದ. "ಗಾಳೆವ್ವ, ಒಂದೀಟು ನೀರು ಚೆಲ್ಲಬೇ."

"ಇವತ್ತ ಬ್ಯಾಡ ಹೊಳಿಯಪ್ಪಣ್ಣ. ಯಾರಿಗರ ಹೇಳು."

ಪಕ್ಕದಲ್ಲಿದ್ದವನು ಕರಟ ಎತ್ತಿಕೊಂಡ. ಗಾಳೆಮ್ಮ ಎಣ್ಣೆಯ ಅಂಗೈಗಳೆರಡನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ನೀರು ಸೋಕದ ಹಾಗೆ, ದಡ ಬರುವ ತನಕ ಕುಳಿತಿದ್ದಳು.