ಹಿಂಗಾಲು

ಬೀಸಣಿಗೆ ಬಾಲದ ಆ ಪುಟ್ಟ ಹಕ್ಕಿ ಮತ್ತೆ ಬಂತು, ಕಣ್ಣೆದುರಿನ ಮನುಕಾ ಗಿಡದ ಟೊಂಗೆಯ ಮೇಲೆ ಕೂತು ಬಾಲ ಬಿಚ್ಚಿತು, ಮುಚ್ಚಿತು, ನೋಡು ನೋಡು, ನಿನಗೇನು, ಸಾಕಾದರೆ ಹಾರಿಹೋಗ್ತೀಯ, ರೇವಿನ್‌ಗೆ ಮೂಗಿನ ಮೇಲೆ ಕೂತ ನೊಣ ಓಡಿಸುವುದಕ್ಕೂ ಕೈ ಇಲ್ಲ — ಎರಡು ಕೈಯಲ್ಲೂ ಹಂದಿಯ ಹಿಂಗಾಲು, ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು, ಗೊರಸಿನ ಮೇಲೆ ಬೆರಳು ಬಿಗಿದು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದಿದ್ದಾಳೆ, ಎತ್ತಿ ಹಿಡಿದಷ್ಟು ಹೊತ್ತು ಅದಕ್ಕೆ ನೆಲ ಸಿಗುವುದಿಲ್ಲ, ನೆಲ ಸಿಗದಷ್ಟು ಹೊತ್ತು ಅದು ತಿರುಗುವುದಿಲ್ಲ, ಲೆಕ್ಕ ಇಷ್ಟೇ. ಮುಂದುಗಡೆ ಫ್ಲೋ ಎಡಗಿವಿ ಕಚ್ಚಿಕೊಂಡಿದೆ, ಮೂಸ್ ಬಲಗಿವಿ, ಎರಡು ನಾಯಿ ಒಬ್ಬ ಹೆಂಗಸು, ನಡುವೆ ಈ ಕರೀ ಸಲಗ, ಇವಳಿಗಿಂತ ಭಾರ, ಮೈಯೆಲ್ಲ ಹಳ್ಳದ ಕೆಸರು, ಉಸಿರು ಬಿಟ್ಟಾಗೆಲ್ಲ ಕಾಲಿನ ನರ ಇವಳ ಅಂಗೈಯಲ್ಲಿ ಮಿಡಿಯುತ್ತದೆ. ಇನ್ನು ಡೆಸ್ ಬರಬೇಕು, ಬಂದು ಮುಂಗಾಲಿನ ಹಿಂದೆ ಕತ್ತಿ ಇಳಿಸಬೇಕು, ಆಮೇಲೆ ಬಿಡಬಹುದು. ಬಂದೇ ಬಂದೇ, ಹಿಡ್ಕೊಂಡಿರು, ಅಂತ ಗುಡ್ಡದ ನೆತ್ತಿಯಿಂದ ಕೂಗಿದ್ದು ಕೇಳಿಸಿತಲ್ಲ, ಅದಾದ ಮೇಲೆ ಮೋಡ ಬಂದು ಹೋಯಿತು, ಇವಳ ಬೆವರು ಆರಿತು, ಮತ್ತೆ ಬೆವರು ಬಂತು, ಗಂಡನ ಸುಳಿವಿಲ್ಲ. ಮಂಡಿ ನೋವಿನ ಮನುಷ್ಯ, ಜಾರುದಾರಿ, ನಿಧಾನ ಆಗುತ್ತೆ, ಬಿಡು — ಅಯ್ಯೋ ಬಿಡು ಅನ್ನಬೇಡ, ಮನಸ್ಸಿನಲ್ಲೂ ಅನ್ನಬೇಡ, ಬಿಟ್ಟರೆ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ ಇದು, ಕೋರೆ ಮೊದಲು ಫ್ಲೋ ಹೊಟ್ಟೆಗೆ, ಆಮೇಲೆ ಇವಳ ತೊಡೆಗೆ, ಬೆನ್ನಿಗೆ ಜರಿಮರದ ಬುಡ ಒತ್ತುತ್ತಿದೆ, ಎಡಕ್ಕೆ ದರೆ, ಬಲಕ್ಕೆ ಮುಳ್ಳಿನ ಪೊದೆ, ಬಾಯಲ್ಲಿ ಬಿಸಿ ತುಪ್ಪ, ಉಗುಳೋ ಹಾಗಿಲ್ಲ ನುಂಗೋ ಹಾಗಿಲ್ಲ. ಡೆಸ್, ಅಂತ ಕೂಗಿದಳು, ಹಂದಿ ಬೆದರಿ ಒದೆಯಿತು, ಭುಜ ಕಿತ್ತು ಬಂದ ಹಾಗಾಯಿತು, ಮತ್ತೆ ಕೂಗಲಿಲ್ಲ.

ಬೆಳಿಗ್ಗೆಯೇ ಹೇಳಬಾರದಿತ್ತೇನೋ, ಬೇಟೆಗೆ ಹೊರಟ ಗಂಡಸಿಗೆ ಹೊಟ್ಟೆ ತುಂಬೋ ಮುಂಚೆ ಏನೂ ಹೇಳಬಾರದು ಅಂತ ಅಮ್ಮ ಅನ್ನುತ್ತಿದ್ದಳು, ಆದರೆ ಯಾವಾಗ ಹೇಳೋದು, ಪಿಕಪ್ಪಿನಲ್ಲಿ ಥರ್ಮಾಸ್ ಚಹಾ ಬಗ್ಗಿಸಿ ಕೊಡುತ್ತ ಹೇಳಿಬಿಟ್ಟಳು, ಲಿನೆಟ್ ಕರೀತಿದಾಳೆ, ನೆಲ್ಸನ್ನಿನಲ್ಲಿ ಅವಳ ಸಸಿ ತೋಟಕ್ಕೆ ಒಬ್ಬರು ಬೇಕಂತೆ, ಈ ಚಳಿಗಾಲ ಪೂರ್ತಿ ಹೋಗಿ ಬರ್ತೀನಿ, ಟಿಕೆಟ್ಟೂ ಅವಳೇ ತೆಗೀತಾಳಂತೆ. ಅಕ್ಕ ಕರೆದದ್ದು ಇದೇ ಮೊದಲಲ್ಲ, ಇವಳು ಹೂಂ ಅಂದದ್ದು ಮಾತ್ರ ಇದೇ ಮೊದಲು. ಡೆಸ್ ಚಹಾ ಊದಿದ, ಕುಡಿದ, ಲೋಟ ಕಿಟಕಿಯಿಂದಾಚೆ ಕೊಡವಿದ, ಚಳಿಗಾಲ ಅಂದ್ರೆ ಹಂದಿ ಕಾಲ ಅಲ್ವೇನೇ, ಅಂದ, ಕಾಲು ಹಿಡಿಯೋರು ಯಾರು? ಅಷ್ಟೇ. ಅಡಿಗೆ ಮಾಡೋರು ಯಾರು ಅಂತ ಕೇಳಲಿಲ್ಲ, ಒಬ್ಬನೇ ಹೆಂಗಿರಲಿ ಅಂತಲೂ ಕೇಳಲಿಲ್ಲ, ಕಾಲು ಹಿಡಿಯೋರು ಯಾರು ಅಂತೆ! ನಗು ಬಂದಿತ್ತು ಆಗ, ನಕ್ಕೂ ಇದ್ದಳು, ಅವನು ನಗಲಿಲ್ಲ, ಗಾಡಿ ಗೇರಿಗೆ ಹಾಕಿದ. ಈಗ ಭುಜದಲ್ಲಿ ಬೆಂಕಿ ಬಿದ್ದಿದೆ, ನಗು ಎಲ್ಲಿಂದ ಬರಬೇಕು. ಇಷ್ಟವಿತ್ತು, ಸುಳ್ಳು ಯಾಕೆ, ಮದುವೆಯಾದ ಹೊಸದರಲ್ಲಿ ಇಬ್ಬನಿ ಒದ್ದುಕೊಂಡು ನಾಯಿಗಳ ಹಿಂದೆ ಓಡುವುದು ಅಂದರೆ ಪ್ರಾಣ, ಬೇರೆ ಹೆಂಗಸರು ಶನಿವಾರ ಬಂತೆಂದರೆ ಕ್ಲಬ್ಬಿನ ಮೆಟ್ಟಿಲ ಮೇಲೆ ಗಂಡನ ದಾರಿ ಕಾಯುತ್ತ ಕೂತಿರುತ್ತಿದ್ದರು, ಪುಣ್ಯವಂತೆ ಕಣೇ ನೀನು, ಡೆಸ್ ನಿನ್ನನ್ನ ಜೊತೆಗೇ ಕರ್ಕೊಂಡು ಹೋಗ್ತಾನೆ, ನಮ್ಮವರಿಗೆ ನಾವು ನೆನಪಾಗೋದೇ ಹಸಿವಾದಾಗ, ಅಂತ ಎಷ್ಟು ಬಾಯಿ ಅಂದಿಲ್ಲ, ಅನ್ನಿಸಿಕೊಂಡು ಅನ್ನಿಸಿಕೊಂಡು ಇವಳೂ ಪುಣ್ಯವಂತೆ ಆಗಿಬಿಟ್ಟಳು, ಪುಣ್ಯವಂತೆಗೆ ಬೇಜಾರು ಅನ್ನುವ ಹಕ್ಕಿಲ್ಲ. ಹೋಗು ಕೆಲಸಕ್ಕೆ ಅಂದರೆ ಓಡಬಹುದಿತ್ತು, ಬಾ ಜೊತೆಗೆ ಅಂದರೆ ಓಡುವುದು ಎಲ್ಲಿಗೆ?

ಹಂದಿ ಕಾಲು ಜಾರುತ್ತಿದೆ, ಬಲಗೈಯದು, ಬೆವರೋ ಕೆಸರೋ, ಹೆಬ್ಬೆರಳು ಮರಗಟ್ಟಿದೆ. ಸೊಂಟದ ಪಟ್ಟಿಯಲ್ಲಿ ಒಂದು ಕತ್ತಿ ಇದ್ದಿದ್ದರೆ — ಇದ್ದರೂ ಏನು, ತೆಗೆಯಲು ಕೈ ಬೇಕಲ್ಲ, ಇಲ್ಲ ಇಲ್ಲ, ಕತ್ತಿ ಇದ್ದಿದ್ದರೆ ಮೊದಲೇ ಬೇರೆ ಥರ ನಿಲ್ಲುತ್ತಿದ್ದಳು, ಕಾಲು ಹಿಡಿಯುತ್ತಲೇ ಇರಲಿಲ್ಲ, ಅಪ್ಪ ತೋರಿಸಿಕೊಟ್ಟ ಹಾಗೆ ಪಕ್ಕದಿಂದ ಹೋಗಿ ಮಂಡಿಯಲ್ಲಿ ಒತ್ತಿ ಒಂದೇ ಏಟು. ಅಪ್ಪನ ಕತ್ತಿ ಗೋಡೆ ಮೇಲಿದೆ, ಶೆಡ್ಡಿನಲ್ಲಿ, ಡೆಸ್ಸೇ ಹಲಗೆ ಕೊರೆದು ಅಂದವಾಗಿ ಕೂರಿಸಿದ್ದಾನೆ, ಅಪ್ಪನ ನೆನಪು ಕಣೇ, ಕಾಡಲ್ಲಿ ಕಳೆದುಹೋದ್ರೆ ಜೀವಮಾನ ಎಲ್ಲಾ ಅಳ್ತೀಯ, ಅಲ್ಲದೆ ಇಬ್ಬರ ಕೈಲೂ ಕತ್ತಿ ಇದ್ರೆ ಒಬ್ಬರನ್ನೊಬ್ಬರು ಕೊಯ್ಕೋತೀವಿ, ಒಂದು ಜೋಡಿಗೆ ಒಂದು ಕತ್ತಿ, ಈ ಕಣಿವೆಯಲ್ಲಿ ಹಾಗೇ ಅಲ್ವಾ. ಹೌದು, ಹಾಗೇ. ಹೆಂಡತಿ ಕಾಲು ಹಿಡಿಯಬೇಕು, ಗಂಡ ಚುಚ್ಚಬೇಕು, ವರ್ಷಕ್ಕೊಂದು ಸಲ ಕ್ಲಬ್ಬಿನ ಹಂದಿ ಬೇಟೆ ಪಂದ್ಯ ಬಂದಾಗ ಮಾತ್ರ ಹೆಂಗಸರ ವಿಭಾಗ ಖಾಲಿ ಬೀಳಬಾರದು ಅಂತ ಒಂದು ಹಂದಿ ಹೆಂಡತಿ ಹೆಸರಲ್ಲಿ ತೂಕಕ್ಕೆ ಏರಬೇಕು. ಇವಳು ಎರಡು ವರ್ಷ ಗೆದ್ದಿದ್ದಾಳೆ, ಕರೆಂಟಿನ ಬಾಣಲೆ ಒಂದು, ಮಳೆಕೋಟು ಒಂದು, ಮೈಕು ಹಿಡಿದವನು, ಹೇಳಿ ರೇವಿನ್, ಹೇಗೆ ಹೊಡೆದಿರಿ ಅಂತ ಕೇಳಿದಾಗ ಡೆಸ್ ಮೈಕು ಕಿತ್ತುಕೊಂಡು ಹೇಳಿದ, ಚೆನ್ನಾಗಿ ಹೇಳಿದ, ಜನ ಚಪ್ಪಾಳೆ ತಟ್ಟಿದರು, ಇವಳೂ ತಟ್ಟಿದಳು. ಥೂ. ಲಿನೆಟ್ ಮಾತ್ರ ತಟ್ಟಲಿಲ್ಲ, ಆ ವರ್ಷ ಬಂದಿದ್ದಳು, ಗಾಡಿ ಹತ್ತುವಾಗ ಕಿವಿಯಲ್ಲಿ ಅಂದಳು, ನೀನು ಅವನಿಗೆ ಮೂರನೇ ನಾಯಿ ಕಣೇ ತಂಗಿ. ಒಂದು ವರ್ಷ ಅಕ್ಕನ ಜೊತೆ ಮಾತು ಬಿಟ್ಟಿದ್ದಳು ಆ ಮಾತಿಗೆ. ಈಗ ಅಕ್ಕನ ಸಸಿ ತೋಟ ಕಣ್ಣಿಗೆ ಕಟ್ಟುತ್ತದೆ, ನೋಡಿದ್ದು ಒಂದೇ ಸಲ, ಗಾಜಿನ ಮಾಡು, ಒಳಗೆ ಬೆಚ್ಚಗೆ, ಸಾಲು ಸಾಲು ಕುಂಡ, ಬೆರಳ ತುದಿಯಲ್ಲಿ ಗುಳಿ ಮಾಡಿ ಒಂದೊಂದೇ ಎಳೆ ಸಸಿ ಇಳಿಸಿ ಮಣ್ಣು ಒತ್ತುವುದು, ಹಗುರವಾಗಿ ಹಿಡಿಯಬೇಕು, ಗಟ್ಟಿ ಹಿಡಿದರೆ ದಂಟು ಜಜ್ಜಿಹೋಗುತ್ತದೆ ಅಂತ ಲಿನೆಟ್ ಬೈದಿದ್ದಳು, ಹಗುರವಾಗಿ ಹಿಡಿಯುವುದು ಇವಳ ಕೈಗೆ ಬರಲೇ ಇಲ್ಲ, ಕಲೀತೀನಿ, ಈ ಚಳಿಗಾಲ ಕಲೀತೀನಿ, ಹೋಗೇ ಹೋಗ್ತೀನಿ. ಫ್ಲೋ ಕುಂಯ್ಗುಟ್ಟಿತು. ತುಟಿ ಸೀಳಿದೆ, ರಕ್ತದಲ್ಲಿ ಹಲ್ಲು ಜಾರುತ್ತಿದೆ, ಬಾಟಲಿ ಹಾಲು ಕುಡಿಸಿ ಬೆಳೆಸಿದ ಮರಿ, ಇವಳನ್ನೇ ನೋಡುತ್ತಿದೆ, ಇನ್ನು ಸ್ವಲ್ಪ ಮಗಳೇ, ನಿನ್ನಪ್ಪ ಬರ್ತಾ ಇದಾನೆ.

ಹೊಗೆಸೊಪ್ಪು. ಹಂದಿ ನಾತ, ಕೆಸರಿನ ನಾತ, ನಾಯಿ ನಾತ, ಅದರ ನಡುವೆ ತೆಳ್ಳಗೆ ಸುಟ್ಟ ಹೊಗೆಸೊಪ್ಪಿನ ವಾಸನೆ, ಸಿಹಿ ಸಿಹಿ, ಅವನದೇ ಡಬ್ಬಿಯದು, ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದೆ. ಅಂದರೆ ಬಂದಿದ್ದಾನೆ. ಬಂದಿದ್ದಾನೆ, ಅಬ್ಬಾ, ಅಂತ ಮೊದಲು ಎದೆ ಹಗುರವಾಯಿತು, ಆಮೇಲೆ ತಣ್ಣಗಾಯಿತು — ಡಬ್ಬಿ ತೆಗೆಯಬೇಕು, ಕಾಗದ ಸುತ್ತಬೇಕು, ನೆಕ್ಕಿ ಅಂಟಿಸಬೇಕು, ಕಡ್ಡಿ ಗೀರಬೇಕು, ಓಡೋಡಿ ಬಂದ ಮನುಷ್ಯ ಇಷ್ಟೆಲ್ಲ ಮಾಡುವುದಿಲ್ಲ. ಕತ್ತು ತಿರುಗಿಸಿದಳು, ಕಣ್ಣಿನ ಕೊನೆಗೆ ಸಿಕ್ಕ, ದರೆಯ ಮೇಲೆ ಬಿದ್ದ ಮರದ ದಿಮ್ಮಿ, ಅದರ ಮೇಲೆ ಡೆಸ್, ನೋವಿನ ಕಾಲು ಚಾಚಿ ಕೂತಿದ್ದಾನೆ, ತೊಡೆಯ ಮೇಲೆ ಕತ್ತಿ, ಸಿಗರೇಟು ಅರ್ಧಕ್ಕೆ ಬಂದಿದೆ. ಯಾವಾಗ ಬಂದೆ? ಈಗ. ಚುಚ್ಚು ಬೇಗ, ಕೈ ಸೋತಿದೆ. ಸೋತಿರೋದಕ್ಕೇ ಕೂತೆ, ಅಂದ ನಗುತ್ತ, ಇಲ್ದಿದ್ರೆ ನೀನು ನನ್ನ ಮಾತು ಕೇಳೋಳಾ? ನೆಲ್ಸನ್ನಿಗೆ ಹೋಗಲ್ಲ ಅನ್ನು, ಬರ್ತೀನಿ. ಡೆಸ್, ಹುಡುಗಾಟ ಆಡೋ ಹೊತ್ತಾ ಇದು? ನಾನೆಲ್ಲಿ ಆಡ್ತಿದೀನಿ, ನೀನೇ ಆಡ್ತಿರೋದು, ಒಂದು ಮಾತು ಅನ್ನೋಕೆ ಎಷ್ಟು ಹೊತ್ತು, ಹೋ-ಗ-ಲ್ಲ, ಮೂರೇ ಅಕ್ಷರ. ದನಿಯಲ್ಲಿ ಸಿಟ್ಟಿಲ್ಲ, ಅದಕ್ಕೇ ಭಯ, ಊಟಕ್ಕೆ ಏನು ಅಂತ ಕೇಳುವ ದನಿ, ಇಪ್ಪತ್ತು ವರ್ಷ ಪಕ್ಕದಲ್ಲಿ ಮಲಗಿದ ದನಿ. ಬಿಟ್ಟುಬಿಡಲೇ, ಬಿಟ್ಟರೆ ಹಂದಿ ಮೊದಲು ದರೆ ಹತ್ತುತ್ತದೆಯೋ ಏನೋ, ಅವನ ಚಾಚಿದ ಕಾಲಿಗೇ ಹೋಗುತ್ತದೆಯೋ ಏನೋ, ಹೋಗಲಿ, ಆಗಲಿ, ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ, ಅಷ್ಟರಲ್ಲಿ ಫ್ಲೋ ಕಚ್ಚು ತಪ್ಪಿತು, ಹಂದಿ ತಲೆ ಒಗೆಯಿತು, ಫ್ಲೋ ಕೂಗಿಕೊಂಡು ಉರುಳಿ ಎದ್ದು ಮತ್ತೆ ಹೋಗಿ ಅದೇ ಹರಿದ ಬಾಯಲ್ಲಿ ಅದೇ ಕಿವಿ ಹಿಡಿಯಿತು. ಹೋಗಲ್ಲ. ಏನಂದೆ? ಹೋಗಲ್ಲ, ಹೋಗಲ್ಲ, ಹೋಗಲ್ಲ ಅಂದೆನಲ್ಲೋ, ಚುಚ್ಚೋ ಪಾಪಿ! ಸಿಗರೇಟನ್ನು ದಿಮ್ಮಿಗೆ ಒರೆಸಿ ಆರಿಸಿ ಕಿವಿಯ ಮೇಲಿಟ್ಟುಕೊಂಡ, ಇಳಿದು ಬಂದ, ಮಂಡಿ ಊರಿದ, ಒಂದೇ ಸಲ, ಚೆನ್ನಾಗಿ ಚುಚ್ಚುತ್ತಾನೆ, ಅದರಲ್ಲಿ ಎರಡು ಮಾತಿಲ್ಲ.

ಅಂಗೈಯೊಳಗೆ ಮಿಡಿಯುತ್ತಿದ್ದದ್ದು ಹೆಚ್ಚಾಯಿತು, ತಡವರಿಸಿತು, ನಿಂತಿತು. ಮೂಸ್ ಕಿವಿ ಬಿಟ್ಟು ಮಲಗಿಕೊಂಡಿತು, ಫ್ಲೋ ಬಾಯಿ ನೆಕ್ಕಿಕೊಳ್ಳುತ್ತಿದೆ, ಹೊಟ್ಟೆ ಹರಿದಿಲ್ಲ, ನಾಲ್ಕು ಹೊಲಿಗೆ ಹಾಕಿದರೆ ಸರಿಹೋಗುತ್ತೆ. ಎಷ್ಟು ಜೋರು ನೋಡು ನನ್ನ ಹೆಂಡ್ತಿ, ಅಂತ ಡೆಸ್ ಇವಳ ಕೆನ್ನೆಯ ಕೆಸರು ಒರೆಸಿದ, ತಮಾಷೆಗೆ ಅಂದೆ ಕಣೇ, ಮುಖ ಯಾಕೆ ಹಾಗೆ ಮಾಡ್ಕೋತೀಯ. ತಮಾಷೆ ಇರಬಹುದು, ತಮಾಷೆಯೇ ಇರಲಿ ದೇವರೇ, ಬಾಯಿಮಾತಿಗೆ ಅಂದದ್ದು, ನಾಯಿಗೋಸ್ಕರ ಅಂದದ್ದು, ಅದಕ್ಕೇನು ಬೆಲೆ, ಸೋಮವಾರ ಬೆಳಿಗ್ಗೆ ಬಟ್ಟೆ ತುಂಬಿಕೊಂಡು — ಹಾಂ, ಇನ್ನೊಂದು, ಅಂದ ಡೆಸ್, ಹುಲ್ಲಿನಲ್ಲಿ ಕತ್ತಿ ಒರೆಸುತ್ತ, ದಿಣ್ಣೆ ಮೇಲೆ ಸಿಗ್ನಲ್ ಸಿಗುತ್ತೆ, ಹೋಗ್ತಾ ಲಿನೆಟ್‌ಗೆ ಹೇಳಿಬಿಡು, ಪಾಪ, ಟಿಕೆಟ್ ಗಿಕೆಟ್ ತೆಗೆದುಬಿಟ್ಟಾಳು. ಸರಿ, ಅಂದಳು ರೇವಿನ್. ಅಂದವಳು ತಾನೇ ಹೌದಾ, ಅಷ್ಟು ಸಲೀಸಾಗಿ ಬಂತಲ್ಲ ಸರಿ ಅನ್ನೋದು, ಕತ್ತಿ ಒರೆಸಿಯಾಯಿತು, ಹಂದಿ ಸತ್ತಾಯಿತು, ಈಗ ಯಾವ ನಾಯಿಗೋಸ್ಕರ ಅಂದೆ? ಡೆಸ್ ಮುಂಗಾಲು ಹಿಂಗಾಲು ಕಟ್ಟಿ ಬೆನ್ನಿಗೆ ಹೇರಿಕೊಳ್ಳಲು ಹಗ್ಗ ಬಿಚ್ಚಿಕೊಂಡು ನಿಂತಿದ್ದಾನೆ, ಬಿಡು ಇನ್ನ, ಅನ್ನುತ್ತಿದ್ದಾನೆ, ಬಿಡೇ, ಸತ್ತಿದೆ ಅದು, ಕಟ್ಟಬೇಕು ಬಿಡು, ಅವಳೂ ಅದನ್ನೇ ಹೇಳುತ್ತಿದ್ದಾಳೆ ಕೈಗಳಿಗೆ, ಬಿಡಿ, ಬಿಡಿ, ಗೆಣ್ಣು ಬೆಳ್ಳಗಾಗಿವೆ, ಹೆಬ್ಬೆರಳು ತೋರುಬೆರಳಿನ ಮೇಲೆ ಬಿಗಿದು ಕೂತಿದೆ, ಕಾಲು ತಣ್ಣಗಾಗುತ್ತಿದೆ, ಬೆರಳು ಬಿಚ್ಚುತ್ತಿಲ್ಲ, ಡೆಸ್ ಬಗ್ಗಿ ಒಂದೊಂದಾಗಿ ಎಬ್ಬಿಸಿ ನೋಡುತ್ತಿದ್ದಾನೆ, ಎಬ್ಬಿಸಿದ್ದು ಮತ್ತೆ ಹೋಗಿ ಕಾಲು ಹಿಡಿಯುತ್ತದೆ, ಬಿಚ್ಚುತ್ತಿಲ್ಲ, ಬೆರಳು ಬಿಚ್ಚುತ್ತಿಲ್ಲ